ಕೆಂಚವ್ವನ ಅನುಮಾನ, ನೇಮಣ್ಣನ ಗಂಟು

ಒಂದು ಕಾಡಿನಲ್ಲಿ, ಬೆಟ್ಟದ ನೆತ್ತಿಯಿಂದ ಇಳಿದು ಬರುವ ಒಂದು ಹೊಳೆ ಇತ್ತು. ಅದರ ನೀರು ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಹೊಳೆ ತಿರುಗುವ ಜಾಗದಲ್ಲಿ ಆಳವಾದ ಒಂದು ಮಡು. ಆ ಮಡುವಿನಲ್ಲಿ ಟ್ರೌಟ್ ಮೀನುಗಳು ವಾಸವಾಗಿದ್ದವು. ಮೈತುಂಬ ಕೆಂಪು, ಕಪ್ಪು ಚುಕ್ಕೆಗಳಿದ್ದುದರಿಂದ ಕಾಡಿನವರೆಲ್ಲ ಅವುಗಳನ್ನು ಚುಕ್ಕೆಮೀನು ಎಂದೇ ಕರೆಯುತ್ತಿದ್ದರು.

ಚುಕ್ಕೆಮೀನುಗಳಿಗೆ ಕಡ್ಡಿಮನೆ ಹುಳ ಎಂದರೆ ಪಂಚಪ್ರಾಣ. ಈ ಹುಳ ಹೊಳೆಯ ತಳದಲ್ಲಿ ಹುಟ್ಟುತ್ತದೆ. ಮರಳಿನ ಕಣ, ಕಡ್ಡಿಯ ಚೂರು ಒಟ್ಟುಮಾಡಿ, ಬಾಯಿಂದ ಬರುವ ಅಂಟುನೂಲಿನಲ್ಲಿ ಹೊಲಿದು, ಮೈಮೇಲೆ ಕೊಳವೆಯಂಥ ಮನೆ ಕಟ್ಟಿಕೊಳ್ಳುತ್ತದೆ. ಎಲ್ಲಿಗೆ ಹೋದರೂ ಮನೆ ಹೊತ್ತುಕೊಂಡೇ ಹೋಗುತ್ತದೆ. ಬಲಿತ ಮೇಲೆ ಮನೆಯನ್ನು ಕಲ್ಲಿಗೆ ಅಂಟಿಸಿ, ಬಾಗಿಲು ಮುಚ್ಚಿ, ಒಳಗೆ ಮಲಗುತ್ತದೆ. ಬಿಸಿಲೇರಿದ ದಿನಗಳ ಒಂದು ಸಂಜೆ ಬಾಗಿಲು ಒಡೆದು, ನೀರಿನ ಮೇಲೆ ಬಂದು, ರೆಕ್ಕೆ ಬಿಚ್ಚಿ ನೊಣವಾಗಿ ಹಾರುತ್ತದೆ. ಕೂತಾಗ ಅದರ ರೆಕ್ಕೆಗಳು ಗುಡಿಸಲ ಸೂರಿನ ಹಾಗೆ ಇಳಿಜಾರು. ಖಾಲಿ ಮನೆ ಮಾತ್ರ ಕಲ್ಲಿನ ಮೇಲೆಯೇ ಉಳಿಯುತ್ತದೆ. ಈ ಖಾಲಿ ಮನೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಡುವಿನ ದಡದ ಬಂಡೆಯ ಕೆಳಗೆ ಬೂದಪ್ಪ ಎಂಬ ಕಾಡುಬೆಕ್ಕು ಇತ್ತು. ಬೂದಪ್ಪನಿಗೆ ಮೀನು ಎಂದರೆ ಪ್ರಾಣ, ನೀರು ಎಂದರೆ ಜ್ವರ. ಒಂದು ಪಂಜ ಒದ್ದೆಯಾದರೆ ದಿನವಿಡೀ ಕೊಡವುತ್ತಿತ್ತು. ಆದ್ದರಿಂದ ದಡದಲ್ಲಿ ಕೂತು ಮೀನುಗಳನ್ನು ನೋಡುತ್ತ ಜೊಲ್ಲು ಸುರಿಸುವುದೇ ಅದರ ಕೆಲಸವಾಗಿತ್ತು. ಹಿಂದಿನ ವರ್ಷ ಕಡ್ಡಿಮನೆ ನೊಣಗಳು ಎದ್ದಾಗ ಅದು ಒಂದು ವಿಷಯ ಕಂಡುಕೊಂಡಿತು. ತಳ ಬಿಟ್ಟು ಬಾರದ ಮುದಿ ಮೀನೂ ಈ ನೊಣಕ್ಕಾಗಿ ಬಾಯಿ ತೆರೆದು ಮೇಲೆ ಬರುತ್ತಿತ್ತು. ಕರೆಯದೆಯೇ ಊಟ ಮೇಲೆ ಬರುವುದಾದರೆ ತಾನೇಕೆ ನೀರಿಗೆ ಇಳಿಯಬೇಕು ಎಂದು ಬೂದಪ್ಪ ವರ್ಷವಿಡೀ ಯೋಚಿಸಿತು. ಬೆಕ್ಕು ಅಷ್ಟು ದಿನ ಸುಮ್ಮನೆ ಕೂತು ಯೋಚಿಸುತ್ತಿದೆ ಎಂದರೆ ಯಾರಿಗೋ ಕೇಡು ಕಾದಿದೆ ಎಂದೇ ಅರ್ಥ.

ಮಡುವಿನ ಮೇಲೆ ಬಾಗಿದ ಈಚಲು ಮರದಲ್ಲಿ ನೇಮಣ್ಣ ಎಂಬ ಗೀಜಗ ಹಕ್ಕಿ ಇತ್ತು. ನೇಯುವುದರಲ್ಲಿ ನೇಮಣ್ಣನ ಸಮ ಯಾರೂ ಇರಲಿಲ್ಲ. ಆದರೆ ಪಾಪ, ಆ ವರ್ಷ ಅದರ ಗೂಡನ್ನು ಯಾವ ಹೆಣ್ಣು ಗೀಜಗವೂ ಒಪ್ಪಿರಲಿಲ್ಲ. ಗೀಜಗಗಳಲ್ಲಿ ಹಾಗೇ ವಾಡಿಕೆ. ಗಂಡು ಅರ್ಧ ಗೂಡು ನೇಯುತ್ತದೆ, ಹೆಣ್ಣು ಬಂದು ಎಳೆದು, ಜಗ್ಗಿ, ಒಳಹೊಕ್ಕು ನೋಡುತ್ತದೆ. ಗಂಟು ಸಡಿಲ ಎಂದು ಅನುಮಾನ ಬಂದರೆ ಮುಖ ತಿರುಗಿಸಿ ಹೋಗಿಬಿಡುತ್ತದೆ. ಬಂದವರೆಲ್ಲ ಹಾಗೆ ಮುಖ ತಿರುಗಿಸಿ ಹೋದ ಮೇಲೆ ನೇಮಣ್ಣ ಅರ್ಧ ಗೂಡಿನ ಮುಂದೆ ಸಪ್ಪಗೆ ಕೂತಿತ್ತು.

ಬೂದಪ್ಪ ಮರದ ಬುಡಕ್ಕೆ ಬಂದು ಸಮಾಧಾನ ಹೇಳಿತು. ಹೆಣ್ಣುಗಳಿಗೆ ಕಣ್ಣಿಲ್ಲ, ಇಂಥ ಕೈಚಳಕ ಈ ಕಾಡಿನಲ್ಲಿ ಇನ್ನೊಬ್ಬರಿಗಿಲ್ಲ ಎಂದು ಹೊಗಳಿತು. ತನ್ನ ಗುಹೆಯ ಗೋಡೆ ಬೋಳಾಗಿದೆ, ಅಲ್ಲಿ ಸಿಕ್ಕಿಸಲು ಚೆನ್ನಾಗಿ ಬಾಗಿದ ಮುಳ್ಳಿಗೆ ಕಡ್ಡಿಮನೆ ನೊಣದ ಗೊಂಬೆ ಕಟ್ಟಿ, ಉದ್ದ ದಾರ ಹಾಕಿಕೊಡುವೆಯಾ ಎಂದು ಕೇಳಿತು. ಹೊಗಳಿಕೆ ಕೇಳದೆ ಬಹಳ ದಿನವಾಗಿದ್ದ ನೇಮಣ್ಣ ಒಪ್ಪಿಕೊಂಡಿತು. ಗೋಡೆಗೆ ಸಿಕ್ಕಿಸಲು ಮುಳ್ಳು ಯಾಕೆ ಅಷ್ಟು ಬಾಗಿರಬೇಕು ಎಂದು ಅದು ಕೇಳಲಿಲ್ಲ. ಕೇಳಬೇಕಾಗಿತ್ತು.

ನೇಮಣ್ಣ ಕೊಕ್ಕೆಯಂಥ ಮುಳ್ಳು ಆರಿಸಿತು. ಬೇಲಿಗೆ ಸಿಕ್ಕಿದ್ದ ಮೊಲದ ತುಪ್ಪಟ ತಂದು, ಹೊಸೆದು, ಮುಳ್ಳಿನ ಸುತ್ತ ಸುತ್ತಿ ಹೊಟ್ಟೆ ಮಾಡಿತು. ಗೌಜಲ ಹಕ್ಕಿಯ ಉದುರುಗರಿಯನ್ನು ಸೂರಿನಂತೆ ಮಡಿಚಿ ರೆಕ್ಕೆ ಮಾಡಿತು. ಕಾಡುಕೋಳಿಯ ಕತ್ತಿನ ಗರಿಯನ್ನು ಕೊರಳ ಸುತ್ತ ಸುತ್ತಿದಾಗ ಅದರ ಎಳೆಗಳು ಕಾಲುಗಳಂತೆ ಎದ್ದು ನಿಂತವು, ಗೊಂಬೆ ನೀರಿನ ಮೇಲೆ ತೇಲುವಂತಾಯಿತು. ಎಲ್ಲವನ್ನೂ ಜೇಡದ ನೂಲಿನಲ್ಲಿ ಬಿಗಿದು, ಕೊನೆಗೆ ಕಾಡುಬಾಳೆಯ ನಾರನ್ನು ಹುರಿ ಮಾಡಿ ಉದ್ದ ದಾರವಾಗಿ ಕಟ್ಟಿತು. ಗೊಂಬೆ ನೋಡಿ ಹಾರುವ ಒಂದು ಕೀಟವೇ ಹತ್ತಿರ ಬಂದು ಮೂಸಿ ಹೋಯಿತು.

ಆ ಸಂಜೆ ಬೂದಪ್ಪ ದಾರವನ್ನು ಬಾಲಕ್ಕೆ ಸುತ್ತಿಕೊಂಡು ಬಂಡೆಯ ಮೇಲೆ ಕೂತಿತು. ಕೂತದ್ದು ಹೊಳೆಗೆ ಬೆನ್ನು ಹಾಕಿ. ಬೆಕ್ಕಿನ ಕಣ್ಣಿನ ಹೊಳಪು ಕಂಡರೆ ಮೀನು ಓಡುತ್ತವೆ, ಬೆನ್ನು ಕಂಡರೆ ಅದೊಂದು ಬೂದು ಕಲ್ಲು. ಬಾಲ ನೀರಿನ ಕಡೆ, ಮುಖ ಕಾಡಿನ ಕಡೆ. ಗೊಂಬೆ ನೀರಿನ ಮೇಲೆ ಕುಣಿಯಿತು. ಬುಳಕ್ ಎಂದಿತು. ಬೂದಪ್ಪ ಬಾಲ ಜಗ್ಗಿತು. ಮೀನು ದಡಕ್ಕೆ ಬಿತ್ತು. ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ.

ಮಡುವಿನಲ್ಲಿ ಕೆಂಚವ್ವ ಎಂಬ ಹಿರಿಯ ಚುಕ್ಕೆಮೀನು ಇದ್ದಳು. ಅವಳಿಗೆ ಎಲ್ಲದರ ಮೇಲೂ ಅನುಮಾನ. ಮೋಡ ಬಂದರೆ ಮೋಡದ ಮೇಲೆ, ಹೋದರೆ ಹೋದದ್ದರ ಮೇಲೆ. ಈ ಬಾರಿ ಅವಳ ಅನುಮಾನಕ್ಕೆ ಕಾರಣವಿತ್ತು. ಸಂಜೆಗೊಬ್ಬರು ಮಡುವಿನಿಂದ ಕಾಣೆಯಾಗುತ್ತಿದ್ದರು. ಉಳಿದವರು ಅವರು ಮೇಲಿನ ಮಡುವಿಗೆ ನೆಂಟರ ಮನೆಗೆ ಹೋಗಿರಬೇಕು ಎಂದುಕೊಂಡರು. ಹೇಳದೆ ಕೇಳದೆ ನೆಂಟರ ಮನೆಗೆ ಹೋಗುವವರು ಯಾರು ಎಂದು ಕೆಂಚವ್ವ ಕೇಳಿದಳು. ಇನ್ನೂ ಒಂದು ವಿಷಯ ಅವಳಿಗೆ ಹಿಡಿಸಲಿಲ್ಲ. ನೀರು ಇನ್ನೂ ಕೊರೆಯುತ್ತಿತ್ತು, ಆಗಲೇ ನೊಣ ಬಂದುಬಿಟ್ಟಿತ್ತು.

ಅವಳ ತಂಗಿ ಹೊನ್ನಿ ನಕ್ಕಳು. ಹೊನ್ನಿಯ ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು. ಅವಳಿಗೆ ಹಸಿವೋ ಹಸಿವು.

"ಅಕ್ಕಾ, ನಿನಗೆ ಅನುಮಾನವೇ ಊಟ. ನನಗೆ ನೊಣ ಬೇಕು," ಎಂದಳು.

"ಇವತ್ತೊಂದು ಸಂಜೆ ತಡೆ, ಹೊನ್ನಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ," ಎಂದು ಕೆಂಚವ್ವ ತಳಕ್ಕೆ ಇಳಿದಳು.

ಅವಳು ಕಲ್ಲಿಂದ ಕಲ್ಲಿಗೆ ಹೋಗಿ ಕಡ್ಡಿಮನೆಗಳನ್ನು ನೋಡಿದಳು. ಮೇಲೆ ನೊಣ ಹಾರುತ್ತಿದೆ ಎಂದರೆ ಕೆಳಗೆ ಮನೆ ಖಾಲಿಯಾಗಿರಬೇಕು. ಆದರೆ ಒಂದು ಮನೆಯೂ ಖಾಲಿ ಇರಲಿಲ್ಲ. ಎಲ್ಲ ಬಾಗಿಲೂ ಮುಚ್ಚಿದ್ದವು. ಅವಳು ಒಂದು ಬಾಗಿಲನ್ನು ಮೂತಿಯಿಂದ ತಟ್ಟಿದಳು.

ಯಾರು, ತಿನ್ನಲು ಬಂದವರಾ ಎಂದು ಒಳಗಿನಿಂದ ಹೆದರಿದ ದನಿ ಬಂತು. ಇವತ್ತು ಕೇಳಲು ಮಾತ್ರ ಬಂದಿದ್ದೇನೆ ಎಂದಳು ಕೆಂಚವ್ವ. ಹುಳಕ್ಕೆ ಅದರ ಮೇಲೂ ಅನುಮಾನ. ಬಾಗಿಲು ತೆಗೆಯದೆಯೇ ಮಾತಾಡಿತು.

"ನಿಮ್ಮವರು ಯಾರಾದರೂ ಮನೆ ಬಿಟ್ಟು ಮೇಲೆ ಹೋಗಿದ್ದಾರೇನಪ್ಪ?" ಎಂದು ಕೆಂಚವ್ವ ಕೇಳಿದಳು.

"ಈ ಚಳಿಯಲ್ಲಾ? ಇಲ್ಲವ್ವಾ. ಎಲ್ಲರೂ ಇನ್ನೂ ಹೊದ್ದುಕೊಂಡು ಮಲಗಿದ್ದೇವೆ."

ಮನೆಯಲ್ಲಿ ಎಲ್ಲರೂ ಮಲಗಿದ್ದರೆ ಮೇಲೆ ಕುಣಿಯುತ್ತಿರುವವರು ಯಾರು? ಅವಳು ಬಾಣದ ಹಾಗೆ ಮೇಲಕ್ಕೆ ನುಗ್ಗಿದಳು.

ಆದರೆ ಹಸಿದವರಿಗೆ ತಾಳ್ಮೆ ಎಲ್ಲಿಂದ ಬರಬೇಕು. ಹೊನ್ನಿ ಆಗಲೇ ಬಾಯಿ ಹಾಕಿದ್ದಳು. ಮುಳ್ಳು ಅವಳ ತುಟಿಗೆ ನಾಟಿತು, ದಾರ ಬಿಗಿಯಿತು, ಹೊನ್ನಿಯನ್ನು ಅದು ದಡದ ಕಡೆ ಸರಸರನೆ ಎಳೆಯತೊಡಗಿತು. ಕೆಂಚವ್ವ ದಾರವನ್ನೇ ಬಾಯಲ್ಲಿ ಕಚ್ಚಿ ತಳದ ಕಡೆ ಎಳೆದಳು. ಮೇಲಿನಿಂದ ಬೆಕ್ಕು, ಕೆಳಗಿನಿಂದ ಅಕ್ಕ. ಬೂದಪ್ಪ ದಾರವನ್ನು ಬಾಲಕ್ಕೆ ಸೋಮಾರಿತನದಿಂದ ಸುಮ್ಮನೆ ಸುತ್ತಿಕೊಂಡಿತ್ತು. ಅದು ಜಾರಿತು. ದಾರ, ಗೊಂಬೆ, ಹೊನ್ನಿ ಎಲ್ಲ ಮಡುವಿಗೆ ವಾಪಸು ಬಂದರು.

ಕೆಂಚವ್ವ ತಂಗಿಯ ತುಟಿಯಿಂದ ಮುಳ್ಳು ಬಿಡಿಸಿದಳು. ಮೀನುಗಳೆಲ್ಲ ಸುತ್ತ ಸೇರಿ ನೋಡಿದವು. ನೊಣದ ಹೊಟ್ಟೆಯಲ್ಲಿ ಮೊಲದ ತುಪ್ಪಟ, ರೆಕ್ಕೆಯಲ್ಲಿ ಹಕ್ಕಿಯ ಗರಿ, ಒಳಗೆ ಮುಳ್ಳು. ನೆಂಟರ ಮನೆಗೆ ಹೋದವರು ಎಲ್ಲಿಗೆ ಹೋದರೆಂದು ಆಗ ಎಲ್ಲರಿಗೂ ತಿಳಿಯಿತು. ಹೊನ್ನಿ ಅಕ್ಕನ ಪಕ್ಕೆಗೆ ಒತ್ತಿಕೊಂಡು ನಿಂತಳು.

ಇತ್ತ ದಡದಲ್ಲಿ ಬೂದಪ್ಪನಿಗೂ ಅನುಮಾನ ಹುಟ್ಟಿತು. ಕಳ್ಳನಿಗೆ ಊರೆಲ್ಲ ಕಳ್ಳರೇ ಅಲ್ಲವೇ. ದಾರ ಜಾರಿದ್ದು ತನ್ನ ಸೋಮಾರಿತನದಿಂದ ಎಂದು ಅದಕ್ಕೆ ಹೊಳೆಯಲೇ ಇಲ್ಲ. ಈ ಗೀಜಗ ಮೀನುಗಳ ಜೊತೆ ಸೇರಿಕೊಂಡಿದೆ, ಬೇಕೆಂದೇ ದಾರವನ್ನು ನುಣುಪಾಗಿ ಹೊಸೆದಿದೆ ಎಂದುಕೊಂಡಿತು. ನೇರವಾಗಿ ಮರದ ಬುಡಕ್ಕೆ ಹೋಗಿ ಹಲ್ಲು ಮಸೆಯಿತು. ಇನ್ನೊಂದು ಗೊಂಬೆ ಮಾಡಬೇಕು, ದಾರವನ್ನು ಇಮ್ಮಡಿ ಹುರಿ ಮಾಡಬೇಕು, ಈ ಸಲ ಬಾಲಕ್ಕೆ ನೀನೇ ಕಟ್ಟಬೇಕು, ಇಲ್ಲದಿದ್ದರೆ ಮರವನ್ನೇ ಅಲ್ಲಾಡಿಸಿ ಗೂಡುಗಳನ್ನೆಲ್ಲ ನೀರಿಗೆ ಕೆಡವುತ್ತೇನೆ ಎಂದಿತು.

ಆಗ ನೇಮಣ್ಣ ಬೆಕ್ಕಿನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿತು. ಮೀಸೆಯಲ್ಲಿ ಒಂದು ಮೀನಿನ ಹುರುಪೆ ಅಂಟಿಕೊಂಡು ಮಿನುಗುತ್ತಿತ್ತು. ಗೋಡೆಗೆ ಸಿಕ್ಕಿಸುವ ಗೊಂಬೆಯ ಕಥೆ ಏನೆಂದು ಅದಕ್ಕೆ ಅರ್ಥವಾಯಿತು. ಇಂಥ ಇನ್ನೊಂದು ಗೊಂಬೆ ಮಾಡಲು ಅದಕ್ಕೆ ಮನಸ್ಸಿರಲಿಲ್ಲ. ಆದರೆ ಮರದ ತುಂಬ ನೆರೆಯವರ ಮರಿಗಳಿದ್ದವು. ಅದು ಎರಡನೆಯ ಗೊಂಬೆ ಮಾಡಿತು. ಕಟ್ಟುವ ಮೊದಲು ಒಂದು ಮಾತು ಹೇಳಿತು.

"ಬೂದಪ್ಪನವರೇ, ಯೋಚನೆ ಮಾಡಿ. ನಮ್ಮ ಕುಲದವರಿಗೆ ಕಟ್ಟುವುದು ಗೊತ್ತು, ಬಿಚ್ಚುವುದು ಗೊತ್ತಿಲ್ಲ. ಬೇಡವಾದ ಗೂಡನ್ನೂ ನಾವು ಬಿಚ್ಚುವುದಿಲ್ಲ, ಹಾಗೇ ಬಿಟ್ಟು ಹೋಗುತ್ತೇವೆ."

"ಬಿಚ್ಚಲು ಬಾರದ ಗಂಟೇ ನನಗೆ ಬೇಕು. ನೀನೂ ಬಿಚ್ಚಬಾರದು, ಮೀನೂ ಬಿಚ್ಚಬಾರದು," ಎಂದಿತು ಬೂದಪ್ಪ.

ನೇಮಣ್ಣ ಗಂಟು ಹಾಕಿತು. ಮೋಸ ಮಾಡಲಿಲ್ಲ. ಕೇಳಿದ್ದು ಎಷ್ಟೋ ಅಷ್ಟು ಬಿಗಿಯಾಗಿಯೇ ಬಿಗಿಯಿತು.

ಮಡುವಿನಲ್ಲಿ ಬೇರೆಯೇ ಸಂಕಟ ಶುರುವಾಗಿತ್ತು. ಹಾವು ಕಚ್ಚಿದವನು ಹಗ್ಗಕ್ಕೂ ಹೆದರಿದನಂತೆ. ಮೀನುಗಳಿಗೆ ಈಗ ನೀರಿನ ಮೇಲೆ ಬಿದ್ದ ಎಲೆ, ಹೂವು, ಇರುವೆ, ಎಲ್ಲದರಲ್ಲೂ ಮುಳ್ಳು ಕಾಣುತ್ತಿತ್ತು. ಯಾರೂ ಏನನ್ನೂ ತಿನ್ನಲಿಲ್ಲ. ಅಷ್ಟರಲ್ಲಿ ಬಿಸಿಲೇರಿತು. ಒಂದು ಸಂಜೆ ನಿಜವಾದ ಕಡ್ಡಿಮನೆ ನೊಣಗಳೇ ಎದ್ದವು. ನೀರಿನ ಮೇಲೆ ಹಬ್ಬವೋ ಹಬ್ಬ. ಕೆಳಗೆ ಮೀನುಗಳು ಹಸಿದು, ತಲೆ ಎತ್ತಿ, ಸುಮ್ಮನೆ ನೋಡುತ್ತ ನಿಂತವು. ಹೊನ್ನಿಯ ಪಕ್ಕೆ ಒಳಕ್ಕೆ ಸೇರಿತ್ತು. ಹೀಗೇ ಆದರೆ ಅವಳೂ ಉಳಿಯುವುದಿಲ್ಲ, ಅವಳ ಮೊಟ್ಟೆಗಳೂ ಉಳಿಯುವುದಿಲ್ಲ. ಅಕ್ಕಾ, ನೀನು ಕಲಿಸಿದ್ದೇ ಇದು, ನಾನು ತಿನ್ನುವುದಿಲ್ಲ ಎಂದಳು.

ಕೆಂಚವ್ವನಿಗೆ ಆ ಮಾತು ಮುಳ್ಳಿಗಿಂತ ಹೆಚ್ಚು ನಾಟಿತು. ತಾನು ಕಲಿಸಿದ್ದು ಅನುಮಾನಪಡುವುದನ್ನಲ್ಲ, ಅನುಮಾನ ಬಂದಾಗ ಇಳಿದು ನೋಡುವುದನ್ನು. ತಂಗಿ ಅರ್ಧ ಪಾಠ ಕಲಿತಿದ್ದಳು. ಕೆಂಚವ್ವ ಮತ್ತೆ ತಳಕ್ಕೆ ಹೋದಳು. ಕಲ್ಲಿನ ಮೇಲಿನ ಮನೆಗಳೆಲ್ಲ ಬಾಗಿಲು ಒಡೆದು ಖಾಲಿ ಬಿದ್ದಿದ್ದವು. ಹಾಗಾದರೆ ಮೇಲಿರುವವು ನಿಜವಾದ ನೊಣಗಳೇ. ಆದರೆ ಬೆಕ್ಕು ಇಂಥ ಸಂಜೆ ಸುಮ್ಮನಿರುವ ಜಾತಿಯಲ್ಲ. ನೂರು ಅಕ್ಕಿಯ ನಡುವೆ ಒಂದು ಕಲ್ಲು ಇದ್ದೇ ಇರುತ್ತದೆ. ಆ ಕಲ್ಲನ್ನು ಆರಿಸಬೇಕು.

ಅವಳು ಬಂಡೆಯ ನೆರಳಿನಲ್ಲಿ ನಿಂತು ಮೇಲೆ ನೋಡಿದಳು. ನೊಣಗಳು ನೀರು ಕರೆದುಕೊಂಡು ಹೋದ ಕಡೆ ಹೋಗುತ್ತಿದ್ದವು, ನಡುವೆ ಚಂಗನೆ ಹಾರುತ್ತಿದ್ದವು, ಮತ್ತೆ ಬೀಳುತ್ತಿದ್ದವು. ಒಂದು ನೊಣ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ನೀರು ಅದರ ಎರಡೂ ಕಡೆ ಸೀಳಿ ಗೆರೆ ಎಳೆದು ಮುಂದೆ ಹೋಗುತ್ತಿತ್ತು. ಹೊಳೆಯಲ್ಲಿ ಹುಟ್ಟಿದವರು ಹೊಳೆಯ ಜೊತೆ ಹೋಗುತ್ತಾರೆ. ಇದನ್ನು ಯಾರೋ ಹಿಡಿದುಕೊಂಡಿದ್ದಾರೆ.

ಕೆಂಚವ್ವ ಮೆಲ್ಲಗೆ ಮೇಲೆ ಬಂದು ಅದರ ರೆಕ್ಕೆಯ ಅಂಚನ್ನು ಮಾತ್ರ ತುಟಿಯ ತುದಿಯಲ್ಲಿ ಹಿಡಿದಳು. ಮುಳ್ಳು ಅವಳ ಮೂತಿಗೆ ಕೂದಲೆಳೆಯಷ್ಟು ದೂರದಲ್ಲಿತ್ತು. ಅವಳಿಗೂ ಭಯವಾಯಿತು. ಆದರೂ ಬಿಡದೆ ತಳಕ್ಕೆ ಇಳಿದಳು. ಅಲ್ಲಿ ಹಿಂದಿನ ಮಳೆಗಾಲದಲ್ಲಿ ಕೊಚ್ಚಿಬಂದ ದೊಡ್ಡ ಮರವೊಂದು ಬೇರುಸಮೇತ ಹೂತುಹೋಗಿತ್ತು. ಅವಳು ದಾರವನ್ನು ಬೇರಿನ ಸುತ್ತ ತಂದು, ಮುಳ್ಳನ್ನು ಬೇರಿನ ಸಂದಿಗೆ ಒತ್ತಿ, ಬಿಟ್ಟು ದೂರ ಸರಿದಳು.

ಬಂಡೆಯ ಮೇಲೆ ಬೂದಪ್ಪ ಬಾಲ ಜಗ್ಗಿತು. ಬರಲಿಲ್ಲ. ಇದು ಮಡುವಿನ ಅತಿ ದೊಡ್ಡ ಮೀನೇ ಇರಬೇಕೆಂದು ಅದರ ಬಾಯಲ್ಲಿ ನೀರೂರಿತು. ಇನ್ನೂ ಜೋರಾಗಿ ಜಗ್ಗಿತು. ಬರಲಿಲ್ಲ. ಆಗ ಅನುಮಾನ ಬಂತು. ನೀರುನಾಯಿ ಏನಾದರೂ ತನ್ನ ಮೀನನ್ನು ಕೆಳಗಿನಿಂದ ಕದಿಯುತ್ತಿದೆಯೇ? ತಿರುಗಿ ನೋಡಿದ್ದರೆ ಆಗುತ್ತಿತ್ತು. ಆದರೆ ತಿರುಗಿದರೆ ಕಣ್ಣು ಕಾಣುತ್ತದೆ, ಮೀನು ಓಡುತ್ತವೆ ಎಂದು ಅದು ನೋಡಲಿಲ್ಲ. ಕಳ್ಳನಿಗೆ ಬಿಟ್ಟುಕೊಡಬಾರದೆಂದು ನಾಲ್ಕೂ ಕಾಲು ಊರಿ ಎಳೆಯಿತು. ಬಂಡೆಯ ಅಂಚಿನಲ್ಲಿ ಪಾಚಿ ಇತ್ತು. ಕಾಲು ಜಾರಿತು. ಜ್ವರ ಬರುವಷ್ಟು ಹೆದರುತ್ತಿದ್ದ ನೀರಿಗೆ ಬೂದಪ್ಪ ಹಿಂಬದಿಯಿಂದ ದುಡುಂ ಎಂದು ಬಿತ್ತು.

ಮುಂಗಾಲುಗಳಿಂದ ಬಂಡೆಯನ್ನು ತಬ್ಬಿಕೊಂಡು ಅದು ಕತ್ತು ಮಾತ್ರ ಮೇಲಿಟ್ಟಿತು. ಬಾಲವನ್ನು ದಾರ ಕೆಳಗೆ ಎಳೆಯುತ್ತಿತ್ತು. ದಾರ ಕಚ್ಚಿ ಹರಿಯೋಣವೆಂದರೆ ಬಂಡೆ ಬಿಡಬೇಕು, ಬಂಡೆ ಬಿಟ್ಟರೆ ಮುಳುಗಬೇಕು. ಮೇಲೆ ಈಚಲು ಗರಿಯಲ್ಲಿ ನೇಮಣ್ಣ ಕೂತು ನೋಡುತ್ತಿತ್ತು.

"ನೇಮಣ್ಣಾ, ಗಂಟು ಬಿಚ್ಚಪ್ಪ. ನಿನಗೆ ಕೈಮುಗಿಯುತ್ತೇನೆ," ಎಂದಿತು ಬೂದಪ್ಪ.

"ಬಿಚ್ಚುವುದು ನಮಗೆ ಗೊತ್ತಿಲ್ಲ ಅಂತ ಅವತ್ತೇ ಹೇಳಿದ್ದೆ, ಬೂದಪ್ಪನವರೇ."

"ಹಾಗಾದರೆ ಬಂದು ಕೊಕ್ಕಿನಿಂದ ಕಡಿ."

"ಕಡಿಯಲು ಹತ್ತಿರ ಬರಬೇಕು. ನಿಮ್ಮ ಮೀಸೆಯಲ್ಲಿ ಇನ್ನೂ ಹುರುಪೆ ಇದೆ," ಎಂದಿತು ನೇಮಣ್ಣ. ಅದು ಜಾಗ ಬಿಟ್ಟು ಕದಲಲಿಲ್ಲ.

ಬೆಕ್ಕು ಒದ್ದಾಡಿತು. ನಾರು ಹರಿಯಲಿಲ್ಲ, ಒದ್ದೆಯಾಗಿ ಇನ್ನೂ ಬಿಗಿಯಿತು. ಬೇರು ಅಲುಗಲಿಲ್ಲ. ಗಂಟು ಸಡಿಲಲಿಲ್ಲ. ಕೊನೆಗೆ ಬೂದಪ್ಪ ಕಣ್ಣು ಮುಚ್ಚಿ, ಪ್ರಾಣ ಇದ್ದರೆ ಸಾಕು ಎಂದು ಒಂದೇ ಏಟಿಗೆ ಮೇಲೆ ನೆಗೆಯಿತು. ಬಾಲದ ತುದಿ ಹೊಳೆಗೆ, ಉಳಿದ ಬೂದಪ್ಪ ಕಾಡಿಗೆ. ಮೋಟು ಬಾಲ ಹೊತ್ತು ಓಡಿದ ಬೆಕ್ಕು ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಮಡುವಿನಲ್ಲಿ ಕೆಂಚವ್ವ ಮೇಲೆ ಹೋಗಿ ಮೊದಲ ನೊಣವನ್ನು ನುಂಗಿದಳು. ಆಮೇಲೆ ತಂಗಿಯ ಕಡೆ ತಿರುಗಿದಳು. ಹೊನ್ನಿ ಇನ್ನೂ ಹಿಂಜರಿಯುತ್ತಿದ್ದಳು.

"ಅಕ್ಕಾ, ನೋಡಿ ಬಂದೆಯಾ?"

"ನೋಡಿ ಬಂದೆ. ಮನೆ ಖಾಲಿ. ಆದರೆ ನನ್ನ ಮಾತನ್ನೂ ನಂಬಬೇಡ, ನೀನೇ ಹೋಗಿ ನೋಡು."

ಹೊನ್ನಿ ತಳಕ್ಕೆ ಇಳಿದಳು. ಕಲ್ಲಿಂದ ಕಲ್ಲಿಗೆ ಹೋಗಿ ಒಡೆದ ಬಾಗಿಲುಗಳನ್ನು ಮೂತಿಯಿಂದ ಮುಟ್ಟಿ ನೋಡಿದಳು. ಆಮೇಲೆ ಮೇಲೆ ಬಂದು, ನೀರಿನ ಜೊತೆ ತೇಲುತ್ತಿದ್ದ ಒಂದು ನೊಣವನ್ನು ಆರಿಸಿ, ಬಾಯಿ ತೆರೆದಳು. ಮುಳ್ಳಿನ ಗಾಯದ ತುಟಿಗೆ ಅದು ಮೆತ್ತಗೆ ತಾಗಿತು. ಅವಳು ಕತ್ತಲಾಗುವ ತನಕ ತಿಂದಳು. ಆ ವರ್ಷ ಮಡುವಿನ ತುಂಬ ಅವಳ ಮರಿಗಳೇ.

ನೇಮಣ್ಣನ ಸುದ್ದಿ ಹೇಳದಿದ್ದರೆ ಕಥೆ ಮುಗಿಯುವುದಿಲ್ಲ. ಅದು ಮತ್ತೆಂದೂ ಕೊಕ್ಕೆ ಮುಳ್ಳು ಮುಟ್ಟಲಿಲ್ಲ. ಬೇಸಿಗೆಯ ಕೊನೆಗೆ ಹೊಳೆ ಇಳಿದಾಗ ಬೇರು ನೀರಿನ ಮೇಲೆ ಕಂಡಿತು. ದಾರ ಅಲ್ಲೇ ಇತ್ತು, ಗಂಟೂ ಇತ್ತು, ಗಂಟಿನೊಳಗೆ ಒಂದು ಹಿಡಿ ಬೂದು ಕೂದಲೂ ಇತ್ತು. ದಾರಿಯಲ್ಲಿ ಹೋಗುತ್ತಿದ್ದ ಹೆಣ್ಣು ಗೀಜಗವೊಂದು ಅದರ ಮೇಲೆ ಕೂತಿತು. ಅನುಮಾನದಿಂದ ಎಳೆದು ನೋಡಿತು, ಜಗ್ಗಿ ನೋಡಿತು, ತಲೆಕೆಳಗಾಗಿ ನೇತಾಡಿ ನೋಡಿತು. ಆಮೇಲೆ ಇದನ್ನು ಕಟ್ಟಿದವರ ಮನೆ ಎಲ್ಲಿ ಎಂದು ವಿಚಾರಿಸಿತು.

ನೀತಿ: ಅನುಮಾನ ಬಂದರೆ ಹೋಗಿ ನೋಡಬೇಕು. ನೋಡದೆ ಅನುಮಾನಕ್ಕೆ ಗಂಟು ಹಾಕಿದವನು ತನ್ನ ಬಾಲವನ್ನೇ ಕಟ್ಟಿಕೊಳ್ಳುತ್ತಾನೆ.